ಹುಟ್ಟಿದ ದಿನ, ಇಟ್ಟ ಹೆಸರು: ಮನೆತನದ ನೆನಪನ್ನು ಉಳಿಸಿಕೊಳ್ಳುವ ಬಗೆ

ಮಾತು ಆರಂಭಿಸುವ ಮೊದಲು ನಿಮಗೊಂದು ಸಣ್ಣ ಕೆಲಸ. ಒಂದು ಹಾಳೆ ತೆಗೆದುಕೊಳ್ಳಿ. ಮೇಲೆ ನಿಮ್ಮ ಹೆಸರು ಬರೆಯಿರಿ. ಅದರ ಕೆಳಗೆ ತಂದೆ ಮತ್ತು ತಾಯಿಯ ಹೆಸರು. ಅದರ ಕೆಳಗೆ ಎರಡೂ ಕಡೆಯ ಅಜ್ಜ ಅಜ್ಜಿಯರು, ಒಟ್ಟು ನಾಲ್ವರು. ಇಲ್ಲಿಯವರೆಗೆ ನಿಮ್ಮಲ್ಲಿ ಹೆಚ್ಚಿನವರು ತಡವರಿಸದೆ ಬರೆಯಬಲ್ಲಿರಿ. ಇನ್ನೊಂದು ಮೆಟ್ಟಿಲು ಇಳಿಯಿರಿ. ಆ ನಾಲ್ವರ ತಂದೆತಾಯಿಗಳು, ಒಟ್ಟು ಎಂಟು ಜನ. ಇಲ್ಲಿ ಪೆನ್ನು ನಿಲ್ಲುತ್ತದೆ. ತಂದೆಯ ಅಜ್ಜನ ಹೆಸರು ಗೊತ್ತಿರಬಹುದು, ಏಕೆಂದರೆ ಹೊಲದ ಹಳೆಯ ಉತಾರದಲ್ಲಿ ಅದು ಇರುತ್ತದೆ. ಆದರೆ ತಾಯಿಯ ತಾಯಿಯ ತಾಯಿ ಯಾರು? ಆಕೆ ಯಾವ ಊರಿನಲ್ಲಿ ಹುಟ್ಟಿದಳು? ಆಕೆಗೆ ತೊಟ್ಟಿಲಲ್ಲಿ ಇಟ್ಟ ಹೆಸರೇನು? ಬರೀ ನೂರು ನೂರಿಪ್ಪತ್ತು ವರ್ಷಗಳ ಹಿಂದಿನ ಮಾತು ಇದು. ಆದರೂ ಹಾಳೆ ಖಾಲಿ ಉಳಿಯುತ್ತದೆ.

ಯಾರ ತಪ್ಪು ಇದು? ಯಾರದೂ ಅಲ್ಲ. ಮನುಷ್ಯನ ಹುಟ್ಟು ತನ್ನಷ್ಟಕ್ಕೆ ತಾನೇ ನೆನಪಾಗಿ ಉಳಿಯುವುದಿಲ್ಲ. ಅದನ್ನು ಉಳಿಸುವ ಹೊಣೆಯನ್ನು ಯಾರಾದರೂ ಹೊರಬೇಕು. ಹೊತ್ತವರು ಕೂಡ ತಮಗೆ ಮುಖ್ಯವೆಂದು ಕಂಡದ್ದನ್ನು ಮಾತ್ರ ಉಳಿಸುತ್ತಾರೆ, ಉಳಿದದ್ದು ಕಳೆದುಹೋಗುತ್ತದೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ನಮ್ಮ ಈ ಭಾಗದಲ್ಲಿ ಹಿರಿಯರ ಹುಟ್ಟನ್ನೂ ಹೆಸರನ್ನೂ ಯಾರು, ಹೇಗೆ ಉಳಿಸಿದರು? ಏನು ಕೈಬಿಟ್ಟರು? ಈಗ ನಾವು ಮಾಡಬೇಕಾದದ್ದೇನು? ಇಂದು ಈ ಮೂರು ಪ್ರಶ್ನೆಗಳನ್ನು ನೋಡೋಣ.

ಮೊದಲು ಮನೆಯೊಳಗಿನ ನೆನಪಿನಿಂದಲೇ ಆರಂಭಿಸೋಣ. ನಿಮ್ಮ ಮುತ್ಯಾನನ್ನೋ ಆಯಿಯನ್ನೋ 'ನೀವು ಹುಟ್ಟಿದ್ದು ಯಾವಾಗ?' ಎಂದು ಕೇಳಿ ನೋಡಿ. ತಾರೀಖು ಸಿಗುವುದು ಅಪರೂಪ. ಸಿಗುವುದು ಒಂದು ಸಂಗತಿ. 'ಗಾಂಧೀಜಿ ತೀರಿಕೊಂಡರಲ್ಲ, ಆ ವರ್ಷ ನಾ ಇನ್ನೂ ತೊಟ್ಟಿಲದಾಗಿದ್ದೆ' ಎಂದು ಒಬ್ಬರು ಹೇಳಿಯಾರು. 'ಎಪ್ಪತ್ತೆರಡರ ಬರ ಬಿದ್ದಾಗ ನನ್ನ ಹಿರೀಮಗಳು ಅಂಬೆಗಾಲಿಡತಿದ್ದಳು' ಎಂದು ಇನ್ನೊಬ್ಬರು ಹೇಳಿಯಾರು. ಇದನ್ನು ಅಜ್ಞಾನವೆಂದು ತಿಳಿಯಬೇಡಿ. ಇದೂ ಒಂದು ಕಾಲಗಣನೆಯೇ. ಸಾಲು ತಪ್ಪಿದ ಲೆಕ್ಕಕ್ಕಿಂತ ಊರೆಲ್ಲ ಕಂಡ ಸಂಗತಿಯೇ ಹೆಚ್ಚು ಗಟ್ಟಿ.

ಈ ಸಂಗತಿಗಳಿಗೆ ವರ್ಷ ಹೊಂದಿಸಬಲ್ಲವನು ಹುಟ್ಟಿದ ವರ್ಷವನ್ನೂ ಹಿಡಿಯಬಲ್ಲ. ದೊಡ್ಡ ಬರವೆಂದರೆ 1876ರಿಂದ 1878. ಮನೆಮನೆಗೆ ಜ್ವರ ಹೊಕ್ಕ ಇನ್‌ಫ್ಲುಯೆಂಜಾ 1918ರದು. ಬೆಳಗಾವಿಯಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದದ್ದು 1924ರ ಡಿಸೆಂಬರಿನಲ್ಲಿ. ರಾಮದುರ್ಗ ಸಂಸ್ಥಾನದ ದಂಗೆ 1939ರ ಏಪ್ರಿಲ್‌ನಲ್ಲಿ ಆಯಿತು. ಕನ್ನಡ ನಾಡು ಒಂದಾದದ್ದು 1956ರ ನವೆಂಬರ್ 1ರಂದು. ಮಲಪ್ರಭೆಗೆ ನವಿಲುತೀರ್ಥದಲ್ಲಿ ಆಣೆಕಟ್ಟು ಬಂದದ್ದು 1970ರ ದಶಕದಲ್ಲಿ. ಇವುಗಳ ಹಿಂದೆ ಮುಂದೆ ನಮ್ಮ ಹಿರಿಯರ ಹುಟ್ಟುಗಳು ಸಾಲಾಗಿ ನಿಂತಿವೆ.

ವರ್ಷದಂತೆಯೇ ತಿಂಗಳನ್ನೂ ಹೀಗೇ ಹಿಡಿಯಬೇಕು. 'ಕಾರಹುಣ್ಣಿವಿ ಮುಂದೆ', 'ಸೀಗಿಹುಣ್ಣಿವಿ ಮರುದಿನ', 'ಯಲ್ಲಮ್ಮನ ಭಾರತ ಹುಣ್ಣಿವಿ ಜಾತ್ರಿಗೆ ಬಂಡಿ ಕಟ್ಟಿದಾಗ' ಎಂದು ಹಿರಿಯರು ಹೇಳಿದರೆ ತಿಂಗಳು ನಿಮ್ಮ ಕೈಗೆ ಬಂದಂತೆಯೇ. ಕೆಲವು ಮನೆಗಳಲ್ಲಿ ಸಂವತ್ಸರದ ಹೆಸರೂ ಸಿಗುತ್ತದೆ. ಆದರೆ ಎಚ್ಚರಿಕೆ ಬೇಕು. ಸಂವತ್ಸರಗಳು 60. ಅವು ತಿರುಗಿ ತಿರುಗಿ ಬರುತ್ತವೆ. ಪ್ರಭವ ಸಂವತ್ಸರ 1927ರಲ್ಲೂ ಬಂತು, 1987ರಲ್ಲೂ ಬಂತು. ಯಾವ ಸುತ್ತಿನದು ಎಂಬುದನ್ನು ಬೇರೊಂದು ಸಂಗತಿಯಿಂದ ತೀರ್ಮಾನಿಸಬೇಕು.

ಇನ್ನು ಹುಟ್ಟಿನ ಆಚರಣೆಗಳಿಗೆ ಬರೋಣ. ಮಗು ಹುಟ್ಟಿದ ಐದನೆಯ ಅಥವಾ ಆರನೆಯ ದಿನ ರಾತ್ರಿ ಸಟವಿ ಬಂದು ಹಣೆಯ ಮೇಲೆ ಬರೆಯುತ್ತಾಳೆಂಬ ನಂಬಿಕೆ ನಮ್ಮಲ್ಲಿದೆ. ಕೆಲವು ಮನೆಗಳಲ್ಲಿ ಅಂದು ಕೂಸಿನ ಹತ್ತಿರ ಹಾಳೆ, ಲೇಖನಿ ಇಡುವುದುಂಟು. ಯೋಚಿಸಿ ನೋಡಿ, ಮಗುವಿನ ಹೆಸರಿನಲ್ಲಿ ಮನೆಯಲ್ಲಿ ಇಡುವ ಮೊದಲ ಹಾಳೆ ಅದು. ಆದರೆ ಅದರ ಮೇಲೆ ನಾವು ಒಂದಕ್ಷರವನ್ನೂ ಬರೆಯುವುದಿಲ್ಲ, ಎಲ್ಲವನ್ನೂ ಸಟವಿಗೇ ಬಿಡುತ್ತೇವೆ!

ಲಿಂಗಾಯತರ ಮನೆಗಳಲ್ಲಿ ಅಯ್ಯನವರು ಬಂದು ಕೂಸಿಗೆ ಲಿಂಗ ಕಟ್ಟುತ್ತಾರೆ. ಮುಸಲ್ಮಾನರ ಮನೆಗಳಲ್ಲಿ ಕಿವಿಯಲ್ಲಿ ಅಜಾನ್ ಹೇಳುತ್ತಾರೆ. ಕ್ರೈಸ್ತರಲ್ಲಿ ದೀಕ್ಷಾಸ್ನಾನವಿದೆ. ತೊಟ್ಟಿಲಿಗೆ ಹಾಕುವ ದಿನ ಸೋದರತ್ತಿ ಕೂಸಿನ ಕಿವಿಯಲ್ಲಿ ಹೆಸರು ಉಸುರುತ್ತಾಳೆ. ಸುತ್ತ ನಿಂತ ಹೆಂಗಸರು ನಗುತ್ತ ಆಕೆಯ ಬೆನ್ನಿಗೆ ಗುದ್ದುತ್ತಾರೆ. ಜೋಗುಳ ಹಾಡುತ್ತಾರೆ, ಗುಗ್ಗರಿ ಹಂಚುತ್ತಾರೆ. ರೀತಿ ಬೇರೆಬೇರೆಯಾದರೂ ಅರ್ಥ ಒಂದೇ. ಹುಟ್ಟಿದ ದಿನ ಕೂಸು ತಾಯಿಯದು, ಹೆಸರಿಟ್ಟ ದಿನ ಅದು ಸಮಾಜದ್ದು. ಅಂದು ಸೇರಿದವರೆಲ್ಲ ಆ ಹೆಸರಿಗೆ ಸಾಕ್ಷಿಗಳು. ಆದರೆ ಈ ಸಾಕ್ಷಿಗಳು ಬಾಯಿಮಾತಿನ ಸಾಕ್ಷಿಗಳು. ಅವರು ತೀರಿಕೊಂಡ ದಿನ ಸಾಕ್ಷ್ಯವೂ ತೀರಿತು.

ಇಟ್ಟ ಹೆಸರಿನೊಳಗೆ ಮಾತ್ರ ಒಂದಿಷ್ಟು ಇತಿಹಾಸ ಉಳಿದಿರುತ್ತದೆ. ನಮ್ಮಲ್ಲಿ ತೀರಿಕೊಂಡ ಅಜ್ಜನ ಹೆಸರನ್ನು ಮೊಮ್ಮಗನಿಗೂ ಅಜ್ಜಿಯ ಹೆಸರನ್ನು ಮೊಮ್ಮಗಳಿಗೂ ಇಡುವ ರೂಢಿಯಿದೆ. ಹಾಗಾಗಿ ಮನೆಯಲ್ಲಿ ಒಬ್ಬ ಬಸಪ್ಪನಿದ್ದರೆ ಎರಡು ತಲೆಮಾರು ಹಿಂದೆ ಇನ್ನೊಬ್ಬ ಬಸಪ್ಪ ಇದ್ದನೇ ಎಂದು ಹುಡುಕಬೇಕು. ಯಲ್ಲಪ್ಪ, ಯಲ್ಲವ್ವ ಎಂದಿದ್ದರೆ ಸವದತ್ತಿಯ ಗುಡ್ಡಕ್ಕೆ ಹೊತ್ತ ಹರಕೆಯೇನಾದರೂ ಇತ್ತೇ ಎಂದು ಕೇಳಬೇಕು. ಸಿದ್ಧಾರೂಢ, ಚಿದಂಬರ, ಸೋಮಪ್ಪ ಎಂಬ ಹೆಸರುಗಳ ಹಿಂದೆ ಹುಬ್ಬಳ್ಳಿಯ ಮಠವೋ, ಮುರಗೋಡದ ಚಿದಂಬರ ದೀಕ್ಷಿತರೋ, ಸೊಗಲದ ಸೋಮೇಶ್ವರನೋ ಇರಬಹುದು. ಹೆಸರು ಒಂದು ಸುಳಿವು. ಅದೇ ಪುರಾವೆಯಲ್ಲ, ಆದರೆ ಎಲ್ಲಿ ಹುಡುಕಬೇಕೆಂದು ದಾರಿ ತೋರಿಸುತ್ತದೆ.

ಹುಡುಕುವಾಗ ಎರಡು ಸಂಗತಿಗಳನ್ನು ಮರೆಯಬೇಡಿ. ಒಂದು, ಚೊಚ್ಚಲ ಬಾಣಂತನ ತವರುಮನೆಯಲ್ಲಿ ಆಗುವುದು ನಮ್ಮ ಪದ್ಧತಿ. ಬೈಲಹೊಂಗಲದ ಮನೆಯ ಹಿರಿಯ ಮಗ ಹುಟ್ಟಿದ್ದು ತಾಯಿಯ ತವರಾದ ಯರಗಟ್ಟಿಯಲ್ಲೋ ಕಟಕೋಳದಲ್ಲೋ ಆಗಿರಬಹುದು. ಅವನ ಹುಟ್ಟಿನ ದಾಖಲೆಯೂ ನೆನಪೂ ಆ ಊರಿನಲ್ಲೇ ಸಿಗಬೇಕು. ತಂದೆಯ ಊರಿನಲ್ಲಿ ಹುಡುಕಿ 'ಇಲ್ಲ' ಎಂದು ಕೈಬಿಟ್ಟರೆ ಪ್ರಯೋಜನವಿಲ್ಲ. ಎರಡು, ಮದುವೆಯಲ್ಲಿ ಸೊಸೆಯ ಹೆಸರು ಬದಲಿಸುವ ರೂಢಿ ಹಲವು ಮನೆತನಗಳಲ್ಲಿ ಇತ್ತು. ತೊಟ್ಟಿಲಲ್ಲಿ ಗಂಗವ್ವನಾದವಳು ಗಂಡನ ಮನೆಯಲ್ಲಿ ನೀಲವ್ವನಾಗಿರಬಹುದು. ಕಾಗದಪತ್ರಗಳಲ್ಲಿ ಆಕೆ 'ನೀಲವ್ವ ಕೋಂ ಬಸಪ್ಪ', ಅಂದರೆ ಬಸಪ್ಪನ ಹೆಂಡತಿ ನೀಲವ್ವ. ಆಕೆಯ ತಂದೆಯ ಹೆಸರು, ತವರಿನ ಊರು, ಮೊದಲ ಹೆಸರು, ಮೂರೂ ಒಂದೇ ಏಟಿಗೆ ಮರೆಯಾದವು.

ಬಾಯಿಮಾತಿನ ಈ ನೆನಪನ್ನು ಕಸುಬಾಗಿಯೇ ಕಾಯ್ದುಕೊಂಡು ಬಂದ ಒಂದು ಸಮುದಾಯ ನಮ್ಮಲ್ಲಿದೆ. ಅವರೇ ಹೆಳವರು. ಹೆಳವ ಎಂದರೆ ಕುಂಟ. ಕಾಲನ್ನು ಕಂಬಳಿಯಿಂದ ಮುಚ್ಚಿಕೊಂಡು ಎತ್ತಿನ ಮೇಲೆ ಕುಳಿತು ಊರಿಗೆ ಬರುವುದು ಅವರ ಹಳೆಯ ರೂಢಿ. ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಬಗ್ಗೆ ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ಏಳು ಸಂಪುಟಗಳಲ್ಲಿಯೂ ಈ ರೂಢಿಯ ವರ್ಣನೆಯಿದೆ. ಹೆಳವರು ಮನೆಮನೆಗೆ ಹೋಗಿ ಆಯಾ ಮನೆತನದ ಚರಿತ್ರೆಯನ್ನೂ ಯುದ್ಧದಲ್ಲಿ ಮಡಿದ ವೀರರ ಹೆಸರುಗಳನ್ನೂ ಹೇಳುವರೆಂದು ಅವನು ಬರೆದಿದ್ದಾನೆ.

ಇಂತಿಂಥ ಊರು, ಇಂತಿಂಥ ಮನೆತನ ಇಂತಿಂಥ ಹೆಳವರಿಗೆ ಎಂದು ಹಂಚಿಕೆ ಇರುತ್ತದೆ. ತಂದೆಯಿಂದ ಮಗನಿಗೆ ಆ ಹಕ್ಕು ಬರುತ್ತದೆ. ಸುಗ್ಗಿ ಮುಗಿದು ಕಣದಲ್ಲಿ ಜೋಳದ ರಾಶಿ ಆದ ಮೇಲೆ ಅವರು ಬರುತ್ತಾರೆ. ಕಟ್ಟೆಯ ಮೇಲೆ ಕುಳಿತು ಮನೆತನದ ಮೂಲಪುರುಷನಿಂದ ಹಿಡಿದು ಹೆಸರು ಹೇಳುತ್ತ ಬರುತ್ತಾರೆ. ನಿಮ್ಮವರು ಮೊದಲು ಯಾವ ಊರಲ್ಲಿದ್ದರು, ಅಲ್ಲಿಂದ ಯಾಕೆ ಎದ್ದು ಬಂದರು, ಮನೆದೇವರು ಯಾವುದು, ಬೆಡಗು ಯಾವುದು, ಯಾರಿಗೆ ಎಷ್ಟು ಮಂದಿ ಗಂಡುಮಕ್ಕಳು, ಅವರು ಎಲ್ಲೆಲ್ಲಿ ಕವಲೊಡೆದರು ಎಂದೆಲ್ಲ ಹೇಳುತ್ತಾರೆ. ಕೊನೆಗೆ, ಹಿಂದಿನ ಸಲ ಬಂದುಹೋದ ಮೇಲೆ ಹುಟ್ಟಿದ ಮಕ್ಕಳ ಹೆಸರನ್ನು ಕೇಳಿ ತಮ್ಮ ಹೊತ್ತಿಗೆಗೆ ಸೇರಿಸಿಕೊಳ್ಳುತ್ತಾರೆ. ಮನೆಯವರು ಕಾಳು, ಬಟ್ಟೆ, ಹಣ ಕೊಡುತ್ತಾರೆ. ಅನುಕೂಲವಿದ್ದವರು ಆಕಳನ್ನೋ ಹಿತ್ತಾಳೆಯ ಪಾತ್ರೆಯನ್ನೋ ಕೊಡುವುದೂ ಉಂಟು.

ಇದನ್ನು ಭಿಕ್ಷೆ ಎಂದು ತಿಳಿದವರಿದ್ದಾರೆ. ಅದು ಸರಿಯಲ್ಲ. ಇದು ಒಂದು ಕೆಲಸಕ್ಕೆ ಸಲ್ಲುವ ಕೂಲಿ. ಕಚೇರಿಯಿಲ್ಲದ ಕಾಲದಲ್ಲಿ ನಡೆದಾಡುವ ಕಚೇರಿಯಂತಿದ್ದವರು ಹೆಳವರು. ಆದರೆ ಅವರ ಲೆಕ್ಕಕ್ಕೂ ಒಂದು ಮಿತಿಯಿದೆ. ಅವರು ಕಾಯ್ದದ್ದು ವಂಶವನ್ನು. ಆ ವಂಶ ಮುಖ್ಯವಾಗಿ ಗಂಡಿನಿಂದ ಗಂಡಿಗೆ ಸಾಗುವ ವಂಶ.

ಇಲ್ಲಿ ಸ್ವಲ್ಪ ಗಣಿತ ಮಾಡೋಣ. ನಿಮಗೆ ತಂದೆತಾಯಿ ಇಬ್ಬರು. ಅವರ ಹಿಂದೆ 4, ಅದರ ಹಿಂದೆ 8, ಆಮೇಲೆ 16. ಹೀಗೆ ಹತ್ತು ತಲೆಮಾರು ಹಿಂದೆ ಹೋದರೆ 1024 ಸ್ಥಾನಗಳಾಗುತ್ತವೆ. ನಮ್ಮಲ್ಲಿ ಸೋದರಮಾವನ ಮಗಳನ್ನೂ ಅಕ್ಕನ ಮಗಳನ್ನೂ ತರುವ ಪದ್ಧತಿ ಇದ್ದುದರಿಂದ ಒಬ್ಬರೇ ಎರಡು ಮೂರು ಸ್ಥಾನಗಳಲ್ಲಿ ಕಾಣಿಸಿಕೊಳ್ಳಬಹುದು, ಜನರ ಸಂಖ್ಯೆ ಸ್ವಲ್ಪ ಕಡಿಮೆಯಾಗಬಹುದು. ಆದರೂ ನೂರಾರು ಜನ. ಗಂಡಿನಿಂದ ಗಂಡಿಗೆ ಸಾಗುವ ವಂಶಾವಳಿ ಹತ್ತನೆಯ ತಲೆಮಾರಿನಲ್ಲಿ ಆ 1024 ಸ್ಥಾನಗಳ ಪೈಕಿ ಒಂದನ್ನು ಮಾತ್ರ ತೋರಿಸುತ್ತದೆ. 'ನಾವು ಇಂಥ ಮನೆತನದವರು' ಎಂದು ಎದೆಯುಬ್ಬಿಸುವ ಮೊದಲು ಈ ಲೆಕ್ಕ ನೆನಪಿರಲಿ. ಉಳಿದ 1023 ಸ್ಥಾನಗಳಲ್ಲಿ ಇದ್ದವರೂ ನಮ್ಮವರೇ. ಅವರು ಯಾವ ಊರಿನವರೋ, ಎಂಥ ಕಷ್ಟ ಉಂಡವರೋ ನಮಗೆ ತಿಳಿಯದು.

ಹಾಗಾದರೆ ಪ್ರತಿಯೊಬ್ಬರ ಹುಟ್ಟನ್ನೂ ತಾಯಿಯ ಹೆಸರಿನೊಂದಿಗೆ ಬರೆದಿಟ್ಟ ದೇಶ ಯಾವುದಾದರೂ ಇದೆಯೇ? ಇದೆ. ಹೋಲಿಕೆಗಾಗಿ ಸ್ವಲ್ಪ ಹೊತ್ತು ಯುರೋಪಿನ ಉತ್ತರ ತುದಿಯ ಸ್ವೀಡನ್ ದೇಶಕ್ಕೆ ಹೋಗಿ ಬರೋಣ. ಅಲ್ಲಿ 1686ರ ಚರ್ಚ್ ಕಾನೂನು ಪ್ರತಿ ಊರಿನ ಪಾದ್ರಿಗೂ ಒಂದು ಕೆಲಸ ಒಪ್ಪಿಸಿತು. ತನ್ನ ವ್ಯಾಪ್ತಿಯಲ್ಲಿ ಆಗುವ ಹುಟ್ಟು, ದೀಕ್ಷಾಸ್ನಾನ, ಮದುವೆ, ಸಾವು ಎಲ್ಲವನ್ನೂ ಅವನು ಪುಸ್ತಕದಲ್ಲಿ ಬರೆಯಬೇಕು. ಕೂಸಿಗೆ ಎಂಟು ದಿನಗಳೊಳಗೆ ದೀಕ್ಷಾಸ್ನಾನ ಮಾಡಿಸಬೇಕೆಂದೂ ಆ ಕಾನೂನು ಹೇಳಿತು. ಕ್ರಮೇಣ ಈ ಪುಸ್ತಕಗಳಲ್ಲಿ ಒಂದು ವ್ಯವಸ್ಥೆ ಬಂತು. ಹುಟ್ಟಿದ ದಿನ ಒಂದು, ದೀಕ್ಷಾಸ್ನಾನದ ದಿನ ಒಂದು. ಕೂಸಿನ ಹೆಸರು, ತಂದೆತಾಯಿಯ ಹೆಸರು, ಅವರಿದ್ದ ಊರು ಅಥವಾ ಹೊಲಮನೆ, ದೀಕ್ಷಾಸ್ನಾನಕ್ಕೆ ನಿಂತ ಸಾಕ್ಷಿಗಳ ಹೆಸರು. ನಮ್ಮ ತೊಟ್ಟಿಲ ಸುತ್ತ ನಿಂತ ಹೆಂಗಸರ ಹೆಸರನ್ನೂ ಯಾರಾದರೂ ಬರೆದಿಟ್ಟಿದ್ದರೆ ಹೇಗಿರುತ್ತಿತ್ತೋ ಹಾಗೆ!

ಇದರ ಬೆಲೆ ಗೊತ್ತಾದದ್ದು ಆಮೇಲೆ. 1850ರಿಂದ 1930ರವರೆಗಿನ ಕಾಲದಲ್ಲಿ ಹನ್ನೆರಡು ಲಕ್ಷಕ್ಕೂ ಮಿಕ್ಕಿ ಸ್ವೀಡಿಷ್ ಜನ ಬಡತನದಿಂದಲೂ ಜಮೀನಿನ ಆಸೆಯಿಂದಲೂ ದೇಶ ಬಿಟ್ಟರು. ಹೆಚ್ಚಿನವರು ಹೋದದ್ದು ಅಮೆರಿಕಕ್ಕೆ. ಅವರ ಮರಿಮಕ್ಕಳು ಇಂದು ತಮ್ಮ ಮುತ್ತಜ್ಜಿ ಯಾವ ಹಳ್ಳಿಯಲ್ಲಿ, ಯಾವ ದಿನ ಹುಟ್ಟಿದಳು, ಎಷ್ಟನೆಯ ದಿನಕ್ಕೆ ಅವಳಿಗೆ ಹೆಸರಿಟ್ಟರು, ಯಾರು ಎತ್ತಿಕೊಂಡು ನಿಂತಿದ್ದರು ಎಂದು ಓದಬಲ್ಲರು. ಆ ದೇಶದ ರಾಷ್ಟ್ರೀಯ ಪತ್ರಾಗಾರ ಹಳೆಯ ಪುಸ್ತಕಗಳ ಚಿತ್ರ ತೆಗೆದು 2018ರಿಂದ ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿದೆ. ಮುತ್ತಜ್ಜಿ ಒಬ್ಬ ಬಡ ಆಳಿನ ಮಗಳಾಗಿದ್ದರೂ ಅವಳ ಸಾಲು ಅಲ್ಲಿದೆ. ದೊರೆಯ ಮಗಳಿಗೂ ಆಳಿನ ಮಗಳಿಗೂ ಒಂದೇ ಬಗೆಯ ಪುಸ್ತಕ ಎಂಬುದು ಗಮನಿಸಬೇಕಾದ ಮಾತು.

ಸ್ವೀಡನ್ನಿನ ಒಬ್ಬ ಹೆಸರಾಂತ ವ್ಯಕ್ತಿಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಗಿಡಮರ, ಪ್ರಾಣಿಗಳಿಗೆಲ್ಲ ಎರಡು ಪದದ ಶಾಸ್ತ್ರೀಯ ಹೆಸರಿಡುವ ಪದ್ಧತಿಯನ್ನು ನೆಲೆಗೊಳಿಸಿದ ಕಾರ್ಲ್ ಲಿನೇಯಸ್ ನಿಮಗೆ ಜೀವಶಾಸ್ತ್ರದ ಪಾಠದಿಂದ ಗೊತ್ತು. ಅವನು ಹುಟ್ಟಿದ್ದು 1707ರ ಮೇ 23ರಂದು, ರೋಷುಲ್ಟ್ ಎಂಬ ಹಳ್ಳಿಯಲ್ಲಿ. ಆದರೆ ಅಂದು ಸ್ವೀಡನ್ನಿನಲ್ಲಿ ಚಾಲ್ತಿಯಲ್ಲಿದ್ದ ಕ್ಯಾಲೆಂಡರ್ ಪ್ರಕಾರ ಅದು ಮೇ 13. ಹಳೆಯ ಜೂಲಿಯನ್ ಕ್ಯಾಲೆಂಡರ್ ಪ್ರಕಾರ ಮೇ 12! ಸ್ವೀಡನ್ 1700ರಲ್ಲಿ ಕ್ಯಾಲೆಂಡರ್ ಬದಲಾವಣೆಯನ್ನು ಅರ್ಧಕ್ಕೆ ಮಾಡಿ, 1712ರಲ್ಲಿ ಹಿಂದಕ್ಕೆ ತಿರುಗಿತು. ಆ ವರ್ಷ ಅಲ್ಲಿ ಫೆಬ್ರವರಿ 30 ಎಂಬ ತಾರೀಖೂ ಬಂತು. ಬರೆದಿಟ್ಟ ದಾಖಲೆಯನ್ನೂ ತಿಳಿದು ಓದಬೇಕೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

ಅವನ ಅಡ್ಡಹೆಸರಿನ ಕಥೆ ನಮಗೆ ಇನ್ನೂ ಹತ್ತಿರದ್ದು. ಅಂದಿನ ಸ್ವೀಡನ್ನಿನ ರೈತರಿಗೆ ಮನೆತನದ ಅಡ್ಡಹೆಸರು ಇರುತ್ತಿರಲಿಲ್ಲ. ಆಂಡರ್ಸನ ಮಗ ಆಂಡರ್ಸನ್, ಮಗಳು ಆಂಡರ್ಸ್‌ಡಾಟ್ಟರ್. ತಲೆಮಾರಿಗೊಂದು ಹೆಸರು. ಹೆಣ್ಣು ಮದುವೆಯಾದ ಮೇಲೂ ತಂದೆಯ ಹೆಸರನ್ನೇ ಉಳಿಸಿಕೊಳ್ಳುವುದು ಅಲ್ಲಿನ ಹಳ್ಳಿಗಳ ರೂಢಿ. ಹಾಗಾಗಿ ಆಕೆಯ ತವರನ್ನು ಹುಡುಕುವುದು ಸುಲಭ. ಲಿನೇಯಸನ ತಂದೆ ನಿಲ್ಸ್ ಇಂಗೆಮಾರ್ಸನ್. ಅವನು ಓದಲು ವಿಶ್ವವಿದ್ಯಾಲಯಕ್ಕೆ ಹೊರಟಾಗ ಅಡ್ಡಹೆಸರು ಬೇಕಾಯಿತು. ತಮ್ಮ ಜಮೀನಿನಲ್ಲಿದ್ದ ದೊಡ್ಡ ಲಿಂಡನ್ ಮರದ ಹೆಸರನ್ನೇ ಲ್ಯಾಟಿನ್ ರೂಪಕ್ಕೆ ತಿರುಗಿಸಿ ಲಿನೇಯಸ್ ಎಂದು ಇಟ್ಟುಕೊಂಡ. ನಮ್ಮ ತರಗತಿಗಳ ಹಾಜರಿ ಪುಸ್ತಕ ತೆರೆದರೆ ಹುಣಸಿಮರದ, ಬೇವಿನಮರದ ಎಂಬ ಅಡ್ಡಹೆಸರುಗಳು ಸಿಗುತ್ತವಲ್ಲ! ಮನೆಯ ಮುಂದಿನ ಮರ ಮನೆಯವರ ಹೆಸರಾಗುವುದು ಅಲ್ಲಿಯೂ ಉಂಟು, ಇಲ್ಲಿಯೂ ಉಂಟು.

ಸ್ವೀಡನ್ನಿನ ಪುಸ್ತಕಗಳೇನೂ ದೋಷವಿಲ್ಲದವಲ್ಲ. ಪಾದ್ರಿಮನೆಗೆ ಬೆಂಕಿ ಬಿದ್ದು ಸುಟ್ಟವುಗಳಿವೆ. ಮದುವೆಯಾಗದ ತಾಯಿಯ ಕೂಸಿನ ಸಾಲಿನಲ್ಲಿ ಅದನ್ನು ಕೀಳಾಗಿ ಕಾಣುವ ಗುರುತು ಹಾಕಿದ್ದೂ ಉಂಟು. ದಾಖಲೆ ಬರೆಯುವ ಕೈ ಸಮಾಜದ ಪೂರ್ವಾಗ್ರಹವನ್ನೂ ಜೊತೆಗೇ ಬರೆಯುತ್ತದೆ. ಆದರೆ ಒಂದು ಮಾತಂತೂ ನಿಜ. ಹೆಳವರ ಹೊತ್ತಿಗೆ 'ನೀನು ಯಾವ ಬಳ್ಳಿಯ ಕುಡಿ' ಎಂದು ಹೇಳುತ್ತದೆ. ಸ್ವೀಡನ್ನಿನ ಪುಸ್ತಕ 'ನೀನು ಎಂದು, ಎಲ್ಲಿ, ಯಾರ ಮಡಿಲಲ್ಲಿ ಹುಟ್ಟಿದೆ' ಎಂದು ಹೇಳುತ್ತದೆ. ಒಂದು ಸಾವಿರ ಸಂಬಂಧಗಳಲ್ಲಿ ಒಂದನ್ನು ಆಳವಾಗಿ ಹಿಡಿಯಿತು, ಇನ್ನೊಂದು ಪ್ರತಿಯೊಬ್ಬರನ್ನೂ ಸಾಲುಸಾಲಾಗಿ ಹಿಡಿಯಿತು. ನಮಗೆ ಎರಡೂ ಬೇಕು.

ಈಗ ನಮ್ಮ ನೆಲಕ್ಕೇ ಮರಳೋಣ. ದಾಖಲೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಕಿತ್ತೂರಿಗಿಂತ ಬೇರೆ ಉದಾಹರಣೆ ಬೇಡ. ರಾಣಿ ಚೆನ್ನಮ್ಮ ಕಾಕತಿಯ ದೇಸಾಯರ ಮನೆಯಲ್ಲಿ ಹುಟ್ಟಿದಳು. ವರ್ಷ 1778 ಎಂದು ಸಾಮಾನ್ಯವಾಗಿ ಹೇಳುತ್ತೇವೆ. ದಿನಾಂಕಕ್ಕೆ ಬಂದರೆ ಒಂದು ಪುಸ್ತಕದಲ್ಲಿ ಒಂದು, ಇನ್ನೊಂದರಲ್ಲಿ ಇನ್ನೊಂದು. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಅವಳ ಸೈನ್ಯದೆದುರು ಮಡಿದವನು ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆ. ಇಂಗ್ಲಿಷ್ ಕಾದಂಬರಿಕಾರ ವಿಲಿಯಂ ಮೇಕ್‌ಪೀಸ್ ಥ್ಯಾಕರೆಯ ತಂದೆಗೆ ಅವನು ಸಹೋದರ. ಆ ಕಾದಂಬರಿಕಾರ 1811ರ ಜುಲೈ 18ರಂದು ಕಲಕತ್ತೆಯಲ್ಲಿ ಹುಟ್ಟಿದನೆಂಬುದರಲ್ಲಿ ಯಾರಿಗೂ ಸಂಶಯವಿಲ್ಲ. ಕಂಪನಿ ಸರಕಾರದ ಪಾದ್ರಿಗಳು ಇಂಡಿಯಾದಲ್ಲಿ ಹುಟ್ಟಿದ ತಮ್ಮವರ ಮಕ್ಕಳ ದೀಕ್ಷಾಸ್ನಾನವನ್ನು ಪುಸ್ತಕಕ್ಕೆ ಏರಿಸಿ ಪ್ರತಿಯನ್ನು ಲಂಡನ್ನಿಗೆ ಕಳಿಸುತ್ತಿದ್ದರು. ಒಂದೇ ಯುದ್ಧದ ಎರಡು ಕಡೆ. ಒಂದು ಕಡೆಯವರ ಕೂಸುಗಳ ಹುಟ್ಟಿದ ದಿನವೂ ನಮಗೆ ಗೊತ್ತು, ಇನ್ನೊಂದು ಕಡೆ ರಾಣಿಯದೇ ಚರ್ಚೆಯಲ್ಲಿದೆ. 1829ರಲ್ಲಿ ಸೆರೆಯಲ್ಲಿಯೇ ಕಣ್ಣುಮುಚ್ಚಿದ ಅವಳ ಸಮಾಧಿ ಬೈಲಹೊಂಗಲದಲ್ಲಿದೆ. ರಾಣಿಯದೇ ಈ ಪಾಡಾದರೆ, ಅವಳ ಕೋಟೆಯನ್ನು ಕಾಯ್ದ ಸಾಮಾನ್ಯ ಸಿಪಾಯಿಯ, ಅವನ ತಾಯಿಯ ಹೆಸರನ್ನು ಎಲ್ಲಿ ಹುಡುಕುವುದು?

ಆಮೇಲೆ ಶಾಲೆಗಳು ಬಂದವು. ಶಾಲೆಯ ದಾಖಲಾತಿ ರಜಿಸ್ಟರ್ ನಮ್ಮ ಹಿರಿಯರ ಪಾಲಿಗೆ ಮುಖ್ಯ ಆಧಾರವಾಯಿತು. ಅದರಲ್ಲಿ ಒಂದು ವಿಚಿತ್ರವಿದೆ. ನಿಮ್ಮ ಮನೆಯ ಹಿರಿಯರ, ನಿವೃತ್ತ ನೌಕರರ ಜನ್ಮದಿನ ಕೇಳಿ ನೋಡಿ. ಅನೇಕರದು ಜೂನ್ 1! ಅಷ್ಟು ಜನ ಒಂದೇ ದಿನ ಹುಟ್ಟಿದರೇ? ಇಲ್ಲ. ಶಾಲೆ ಆರಂಭವಾಗುವ ಹೊತ್ತಿಗೆ ವಯಸ್ಸು ತುಂಬಿರಲಿ ಎಂದು ಮಾಸ್ತರರು ಅಂದಾಜಿನಿಂದ ಹಾಕಿದ ತಾರೀಖು ಅದು. ಕಾಗದದ ಹುಟ್ಟು ಬೇರೆ, ನಿಜದ ಹುಟ್ಟು ಬೇರೆ. ಆ ನಿಜದ ದಿನ ತಾಯಿಗೆ ಗೊತ್ತಿತ್ತು. ಆದರೆ ಅವಳನ್ನು ಯಾರೂ ಕೇಳಲಿಲ್ಲ.

ಇಂದು ಕಾನೂನು ಸ್ಪಷ್ಟವಾಗಿದೆ. ಜನನ ಮರಣ ನೋಂದಣಿ ಕಾಯಿದೆ 1969ರದು. ಹುಟ್ಟಿದ 21 ದಿನಗಳೊಳಗೆ ತಿಳಿಸಬೇಕು. ಹೆಸರಿಡದಿದ್ದರೂ ನೋಂದಣಿಯಾಗುತ್ತದೆ, ಹೆಸರನ್ನು ಆಮೇಲೆ ಸೇರಿಸಬಹುದು. 2023ರ ತಿದ್ದುಪಡಿಯಂತೆ, ಆ ವರ್ಷದ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲಾ ಪ್ರವೇಶ, ಮತದಾರರ ಪಟ್ಟಿ ಮುಂತಾದ ಕೆಲಸಗಳಲ್ಲಿ ಹುಟ್ಟಿದ ದಿನಕ್ಕೂ ಸ್ಥಳಕ್ಕೂ ಜನನ ಪ್ರಮಾಣಪತ್ರವೇ ಆಧಾರ. ಹೀಗಾಗಿ ಮುಂದಿನ ತಲೆಮಾರಿನ ಹುಟ್ಟು ಕಳೆದುಹೋಗುವ ಭಯ ಕಡಿಮೆ. ಕಳೆಯುತ್ತಿರುವುದು ಹಿಂದಿನದು. ಕಳೆಯುವ ವೇಗವೂ ಹೆಚ್ಚಿದೆ. ದುಡಿಮೆಗಾಗಿ ಪುಣೆ, ಗೋವೆ, ಬೆಂಗಳೂರು ಸೇರಿದ ಮನೆಗಳಿಗೆ ಹೆಳವರು ಹೋಗುವುದು ಹೇಗೆ? ಹೆಳವರ ಮಕ್ಕಳೂ ಓದಿ ಬೇರೆ ಕೆಲಸ ಹಿಡಿಯುತ್ತಿದ್ದಾರೆ. ಅದು ಅವರ ಹಕ್ಕು. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗ ಭಾಗದ ಹಳ್ಳಿಗಳಿಗೆ ನೀರು ನುಗ್ಗಿತು. ಅಂಥ ನೀರು ಟ್ರಂಕಿನಲ್ಲಿಟ್ಟ ಕಾಗದಪತ್ರಕ್ಕೂ ಗೋಡೆಯ ಮೇಲಿನ ಫೋಟೋಕ್ಕೂ ಕರುಣೆ ತೋರುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಒಬ್ಬ ಆಯಿ ತೀರಿಕೊಂಡರೆ ಅವಳೊಂದಿಗೆ ಮೂರು ತಲೆಮಾರಿನ ಹೆಂಗಸರ ಹೆಸರುಗಳು ಹೋಗುತ್ತವೆ. ಅವು ಇನ್ನೆಲ್ಲಿಯೂ ಬರೆದಿಲ್ಲ.

ಆದ್ದರಿಂದ ವಿದ್ಯಾರ್ಥಿ ಮಿತ್ರರೆ, ಈ ರಜೆಯಲ್ಲಿ ಒಂದು ಕೆಲಸ ಕೈಗೆತ್ತಿಕೊಳ್ಳಿ. ಖರ್ಚು ಒಂದು ನೋಟ್‌ಬುಕ್ಕಿನದು.

ಮೊದಲನೆಯದಾಗಿ, ಮನೆಯ ಅತ್ಯಂತ ಹಿರಿಯ ಹೆಣ್ಣುಮಗಳ ಬಳಿ ಕುಳಿತುಕೊಳ್ಳಿ. ಗಂಡಸರ ಹೆಸರು ಉತಾರದಲ್ಲಿ ಸಿಕ್ಕೀತು, ಹೆಂಗಸರ ಹೆಸರು ಅವಳ ಬಾಯಲ್ಲಿ ಮಾತ್ರ. 'ಆಯಿ, ನಿಮ್ಮವ್ವನ ಹೆಸರೇನು? ಅವರ ತವರುಮನಿ ಯಾವ ಊರು? ನಿಮಗ ತೊಟ್ಟಿಲದಾಗ ಇಟ್ಟ ಹೆಸರು ಯಾವುದು, ಯಾರು ಇಟ್ಟರು?' ಎಂದು ಕೇಳಿ. ಒಂದೇ ದಿನ ಎಲ್ಲವನ್ನೂ ಕೇಳಿ ದಣಿಸಬೇಡಿ. ಕಾಳು ಹಸನು ಮಾಡುವಾಗ, ಶಾವಿಗೆ ಹೊಸೆಯುವಾಗ ನೆನಪು ತಾನಾಗಿ ಬರುತ್ತದೆ.

ಎರಡನೆಯದಾಗಿ, ಪ್ರತಿ ವ್ಯಕ್ತಿಗೂ ಒಂದು ಪುಟ ಬಿಡಿ. ಹುಟ್ಟಿದ ಊರು, ವರ್ಷ, ಹೆಸರಿಟ್ಟವರು, ಆ ಹೆಸರಿಗೆ ಕಾರಣ, ಮದುವೆಯ ನಂತರದ ಹೆಸರು, ತವರು. ಹುಟ್ಟಿ ಬೇಗ ತೀರಿದ ಕೂಸುಗಳನ್ನೂ ಬಿಡಬೇಡಿ. ಒಂಬತ್ತು ತಿಂಗಳು ಹೊತ್ತ ತಾಯಿ ಅವುಗಳನ್ನು ಮರೆತಿರುವುದಿಲ್ಲ. ಕೇಳುವಾಗ ಮಾತ್ರ ಮೆಲ್ಲನೆ ಕೇಳಿ. ಆಕೆ ಮಾತು ತಿರುಗಿಸಿದರೆ ನೀವೂ ತಿರುಗಿಸಿ.

ಮೂರನೆಯದಾಗಿ, ಯಾರು ಹೇಳಿದರು, ಯಾವ ದಿನ ಹೇಳಿದರು ಎಂದು ಕೆಳಗೆ ಬರೆಯಿರಿ. ಖಚಿತವಿಲ್ಲದ ವರ್ಷದ ಮುಂದೆ 'ಸುಮಾರು' ಎಂದು ಸೇರಿಸಿ. ಇಬ್ಬರು ಎರಡು ಬಗೆಯಲ್ಲಿ ಹೇಳಿದರೆ ಎರಡನ್ನೂ ಬರೆಯಿರಿ. ಅಂದಾಜನ್ನು ನಿಜವೆಂದು ಬರೆದರೆ ಅದು ಇನ್ನೊಂದು ಜೂನ್ 1 ಆಗುತ್ತದೆ.

ನಾಲ್ಕನೆಯದಾಗಿ, ಹೊರಗಿನ ದಾಖಲೆ ನೋಡಿ. ಶಾಲೆಯ ರಜಿಸ್ಟರ್, ಹೊಲದ ಕಾಗದಗಳು, ಹಳೆಯ ಲಗ್ನಪತ್ರಿಕೆ, ಪಂಚಾಂಗದ ಅಂಚಿನ ಬರಹ, ಮಠ, ಮಸೀದಿ, ಚರ್ಚುಗಳ ಪುಸ್ತಕ. ಹೆಳವರು ಬಂದರೆ ಬಾಗಿಲಲ್ಲೇ ಕಳಿಸಬೇಡಿ. ಚಾಪೆ ಹಾಕಿ ಕೂಡ್ರಿಸಿ, ಹೇಳಿದ್ದನ್ನು ಬರೆದುಕೊಳ್ಳಿ, ಅವರ ಸಂಭಾವನೆಯನ್ನು ಗೌರವದಿಂದ ಕೊಡಿ. ನಿಮ್ಮ ಮನೆಯ ಹೆಣ್ಣುಮಕ್ಕಳ ಹೆಸರನ್ನೂ ಸೇರಿಸಿಕೊಳ್ಳಲು ಅವರನ್ನು ಕೇಳಿ.

ಕೊನೆಯದಾಗಿ, ಬರೆದದ್ದರ ಒಂದು ಪ್ರತಿಯನ್ನು ಬೇರೆ ಊರಿನ ಸಂಬಂಧಿಕರ ಮನೆಯಲ್ಲಿಡಿ. ಒಂದು ಮನೆಗೆ ನೀರು ಬಂದರೆ ಇನ್ನೊಂದು ಮನೆಯಲ್ಲಿ ಉಳಿದಿರುತ್ತದೆ.

ಇದರಿಂದ ಏನು ಲಾಭ ಎಂದು ಕೆಲವರು ಕೇಳಬಹುದು. ವಂಶದಲ್ಲಿ ಬಂದ ಕಾಯಿಲೆಗಳ ಬಗ್ಗೆ ವೈದ್ಯರು ಕೇಳಿದಾಗ ಉತ್ತರ ಸಿಗುತ್ತದೆ, ವಾರಸಾ ಕಾಗದಗಳಿಗೂ ನೆರವಾಗುತ್ತದೆ. ಆದರೆ ನಿಜವಾದ ಲಾಭ ಬೇರೆ. ಬರ, ಪ್ಲೇಗು, ಜ್ವರ, ಬಡತನ ಎಲ್ಲವನ್ನೂ ದಾಟಿ ಒಬ್ಬಳು ತಾಯಿ ಒಂದು ಕೂಸನ್ನು ಉಳಿಸಿದಳು. ಆ ಕೂಸು ಬೆಳೆದು ಇನ್ನೊಂದನ್ನು ಉಳಿಸಿತು. ಹಾಗೆ ಬಂದವರು ನಾವು. ಅವಳ ಹೆಸರನ್ನಾದರೂ ತಿಳಿದಿರುವುದು ನಮ್ಮ ಮೇಲಿನ ಋಣ. ಅವಳನ್ನು ಬಲ್ಲ ಒಬ್ಬರು ನಿಮ್ಮ ಮನೆಯಲ್ಲಿ, ಇಲ್ಲವೇ ಪಕ್ಕದ ಊರಿನಲ್ಲಿ ಇಂದಿಗೂ ಇರಬಹುದು. ಅವರಿರುವಾಗಲೇ ಹೋಗಿ ಕೇಳಿ.